ನಡೆಯದೆ ಹೋದುದರ ಕ್ರಿಯಾರೂಪ: ಫ್ರೆಂಚ್ ವ್ಯಾಕರಣದ ಒಂದು ಅಂಶ ಹಾಗೂ ಮೈಸೂರು ಜಿಲ್ಲೆಯ ಪಶ್ಚಿಮ ತಾಲ್ಲೂಕುಗಳ ಆಡುಮಾತು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಮೌಖಿಕ ನಿರೂಪಣೆಗಳನ್ನು ಕುರಿತ ಲೇಖನವೊಂದು ಫ್ರೆಂಚ್ ಕ್ರಿಯಾಪದದಿಂದ ಆರಂಭವಾಗುವುದು ವಿದ್ವಾಂಸರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಮೈಸೂರು ಸೀಮೆಯ ಜನಜೀವನವನ್ನು ಅಭ್ಯಸಿಸುವವರಿಗೆ ಫ್ರೆಂಚ್ ತೀರ ಹೊರಗಿನದಲ್ಲ. ಶ್ರೀರಂಗಪಟ್ಟಣದ ಪತನದ ನಂತರ 1799ರಲ್ಲಿ ಮೈಸೂರಿಗೆ ಬಂದು 1823ರಲ್ಲಿ ಭಾರತವನ್ನು ತೊರೆದ, ಜನರ ಬಾಯಲ್ಲಿ ‘ದೊಡ್ಡಸ್ವಾಮಿ’ಯಾಗಿದ್ದ ಅಬ್ಬೆ ದುಬಾಯ್‌ಯವರ ಗ್ರಂಥ ಫ್ರೆಂಚಿನಲ್ಲಿ ರಚಿತವಾದುದು. ಮದರಾಸು ಸರ್ಕಾರ 1807ರಲ್ಲಿ ಕೊಂಡ ಅದರ ಹಸ್ತಪ್ರತಿ 1816ರಲ್ಲಿ ಇಂಗ್ಲಿಷಿಗೆ ಅನುವಾದವಾಗಿ ಪ್ರಕಟವಾಯಿತು. ಪರಿಷ್ಕೃತ ಫ್ರೆಂಚ್ ಪಠ್ಯ ಪ್ಯಾರಿಸಿನಲ್ಲಿ ಅಚ್ಚಾದುದು 1825ರಲ್ಲಿ. ಅದರ ಬಹುಭಾಗಕ್ಕೆ ಜೆಸ್ವಿಟ್ ಪಾದ್ರಿ ಕೂರ್ದೂ ಅವರ ಹಿಂದಿನ ಬರಹವೇ ಆಧಾರವೆಂದು ಸಿಲ್ವಿಯಾ ಮುರ್ 1987ರಲ್ಲಿ ತೋರಿಸಿಕೊಟ್ಟರು. ಯಾರು ಕಂಡದ್ದು, ಯಾರು ಕೇಳಿದ್ದು, ಯಾರು ಊಹಿಸಿದ್ದು ಎಂಬುದನ್ನು ಬೇರ್ಪಡಿಸಲು ಮೂಲದ ಕ್ರಿಯಾರೂಪಗಳ ಪರಿಚಯ ಬೇಕೇ ಬೇಕು. ಈ ಕಾರಣಕ್ಕೆ ಫ್ರೆಂಚ್ ಕಲಿಯಲು ಹೊರಟಾಗ ನನಗೆ ಎದುರಾದುದು ಅದರ ಸಂಭಾವನಾರ್ಥಕ ಪೂರ್ಣಭೂತ.

ಈ ರೂಪದ ರಚನೆ ಸರಳ. ‘ಆವ್ವಾರ್’ ಅಥವಾ ‘ಎತ್ರ್’ ಎಂಬ ಸಹಾಯಕ ಕ್ರಿಯೆಯ ಸಂಭಾವನಾರ್ಥಕ ಅಪೂರ್ಣಭೂತಕ್ಕೆ ಮುಖ್ಯ ಧಾತುವಿನ ಭೂತಕೃದಂತವನ್ನು ಸೇರಿಸಬೇಕು. ‘ಮಾತನಾಡು’ ಎಂಬರ್ಥದ ಧಾತುವಿಗೆ ಉತ್ತಮಪುರುಷ ಏಕವಚನದಲ್ಲಿ ‘ಜ್ಯೂಸ್ ಪಾರ್ಲೆ’, ಮಧ್ಯಮದಲ್ಲಿ ‘ತ್ಯು ಯೂಸ್ ಪಾರ್ಲೆ’, ಪ್ರಥಮದಲ್ಲಿ ‘ಇಲ್ ಯೂ ಪಾರ್ಲೆ’. ಬಹುವಚನದಲ್ಲಿ ‘ನೂ ಜ್ಯುಸಿಯೋಂ’, ‘ವೂ ಜ್ಯುಸಿಯೆ’, ‘ಇಲ್ ಜ್ಯೂಸ್’. (ಮೊದಲ ರೂಪವನ್ನು ಗಟ್ಟಿಯಾಗಿ ಉರುಹೊಡೆಯುತ್ತಿದ್ದಾಗ ಮನೆಯ ಮಕ್ಕಳು ಹಣ್ಣಿನ ರಸ, ಬಿಸ್ಕತ್ತು ಎರಡನ್ನೂ ಕೇಳಿದರು.) ಲ್ಯಾಟಿನ್ನಿನ ‘ಅಮಾವಿಸ್ಸೆಂ’ ಮಾದರಿಯ ಪೂರ್ಣಭೂತವು ಫ್ರೆಂಚಿನಲ್ಲಿ ಅಪೂರ್ಣಭೂತದ ಸ್ಥಾನಕ್ಕೆ ಇಳಿದುದರಿಂದ, ತೆರವಾದ ಸ್ಥಾನವನ್ನು ಈ ಸಂಯುಕ್ತ ರೂಪ ತುಂಬಿತು. ಇದರ ಒಂದು ಮುಖ್ಯ ಪ್ರಯೋಜನವೆಂದರೆ ನಡೆಯದೆ ಹೋದುದನ್ನು ಹೇಳುವುದು. ಶಿಷ್ಟ ಫ್ರೆಂಚಿನಲ್ಲಿ ‘ಸಿಲ್ ಫ್ಯೂ ವನ್ಯೂ, ಜ ಲ್ಯೂಸ್ ವ್ಯೂ’ ಎಂದರೆ ‘ಅವನು ಬಂದಿದ್ದರೆ ನಾನು ಅವನನ್ನು ನೋಡುತ್ತಿದ್ದೆ’ ಎಂದರ್ಥ. ಅವನು ಬರಲಿಲ್ಲ, ಇವನು ನೋಡಲಿಲ್ಲ. ಇಂದು ಆಡುಮಾತಿನಿಂದ ಇದು ಮರೆಯಾಗಿದೆ. ಅಲ್ಲಿ ಬೇರೆ ರೂಪಗಳು ಆ ಕೆಲಸ ಮಾಡುತ್ತವೆ. ಪರೀಕ್ಷೆಗಳಲ್ಲಿ ಅಧೀನ ವಾಕ್ಯಗಳೊಳಗೆ ಇದರ ಬದಲಿಗೆ ಸರಳ ರೂಪ ಬರೆದರೂ ತಪ್ಪೆಣಿಸಬಾರದೆಂದು ಫ್ರಾನ್ಸಿನ ಶಿಕ್ಷಣ ಇಲಾಖೆಯೇ 1976ರ ಡಿಸೆಂಬರ್‌ನಲ್ಲಿ ಆದೇಶಿಸಿತು.

ಸಂಸ್ಕೃತ ಬಲ್ಲವರಿಗೆ ಇಲ್ಲಿ ಪಾಣಿನಿಯ ಲೃಙ್ ಲಕಾರ ನೆನಪಾಗದಿರದು. ಕ್ರಿಯೆ ನೆರವೇರದೆ ಹೋದ ಸಂದರ್ಭ, ಅಂದರೆ ‘ಕ್ರಿಯಾತಿಪತ್ತಿ’, ಅದರ ಕ್ಷೇತ್ರ. ಮಳೆ ಚೆನ್ನಾಗಿ ಆಗಿದ್ದರೆ ಸುಭಿಕ್ಷವಾಗುತ್ತಿತ್ತು ಎಂಬ ಆಶಯದ ಉದಾಹರಣೆ ವೈಯಾಕರಣರಲ್ಲಿ ಪ್ರಸಿದ್ಧ. ಫ್ರೆಂಚಿನಂತೆಯೇ ಅಲ್ಲಿಯೂ ಷರತ್ತು ಮತ್ತು ಫಲ ಎರಡೂ ಒಂದೇ ರೂಪದಲ್ಲಿ ಬರುತ್ತವೆ. ಕನ್ನಡದ ದಾರಿ ಬೇರೆ. ಶಾಲಾ ವ್ಯಾಕರಣ ಹೇಳುವ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥಗಳಲ್ಲಿ ‘ಬಂದಾನು’ ಎಂಬ ಸಂಭಾವನೆ ಮುಂದೆ ಆಗಬಹುದಾದುದರ ಮಾತು. ಆಗದೆ ಹೋದುದಕ್ಕೆ ಅಲ್ಲಿ ಪ್ರತ್ಯೇಕ ಹೆಸರಿಲ್ಲ. ‘ಬಂದೊಡೆ’ ಎಂಬ ಹಳಗನ್ನಡ ರೂಪದಿಂದ ‘ಬಂದರೆ’ ಆಗಿ, ಅದಕ್ಕೆ ‘ಇರು’ ಸೇರಿ ‘ಬಂದಿದ್ದರೆ’ ಆಗಿದೆ. ಬರಹದ ಕನ್ನಡದಲ್ಲಿ ಈ ‘ಬಂದಿದ್ದರೆ’ ಎರಡು ಅರ್ಥಕ್ಕೆ ಆಸ್ಪದ ಕೊಡುತ್ತದೆ. ‘ಅವನು ಬಂದಿದ್ದರೆ ಒಳಗೆ ಕರೆ’ ಎನ್ನುವಾಗ ಅವನು ಬಂದಿರಲೂಬಹುದು. ‘ಅವನು ಬಂದಿದ್ದರೆ ಕರೆಯುತ್ತಿದ್ದೆ’ ಎನ್ನುವಾಗ ಬಂದಿಲ್ಲ. ನಿರ್ಣಯವೆಲ್ಲ ವಾಕ್ಯದ ಕೊನೆಗೆ ಬಿಟ್ಟದ್ದು.

ನಮ್ಮ ತಾಲ್ಲೂಕುಗಳ ಆಡುಮಾತು ಅಷ್ಟು ಕಾಯುವುದಿಲ್ಲ. ಅದು ‘ಇರು’ವನ್ನು ಇಮ್ಮಡಿಸುತ್ತದೆ: ‘ಬಂದಿದ್ದಿದ್ರೆ’, ‘ಕೊಟ್ಟಿದ್ದಿದ್ರೆ’, ‘ಬರ್ದೆ ಇದ್ದಿದ್ರೆ’. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರ ‘ಮಳೆ ಬಂದಿದ್ದಿದ್ರೆ ಸೊಪ್ಪು ಉಳೀತಿತ್ತು’ ಎನ್ನುತ್ತಾನೆ. 1924ರ ಕಾವೇರಿ ಪ್ರವಾಹದ ಬಳಿಕ ಎಡತೊರೆಯ ಪಕ್ಕದಲ್ಲಿ ಕೃಷ್ಣರಾಜನಗರವೆಂಬ ಹೊಸ ಊರು ಎದ್ದ ಕಥೆ ಹೇಳುವವರ ಬಾಯಲ್ಲಿ ‘ಹೊಳೆ ಬರ್ದೆ ಇದ್ದಿದ್ರೆ’ ಸಹಜವಾಗಿ ಹೊರಡುತ್ತದೆ. ಇದು ಈ ಭಾಗಕ್ಕಷ್ಟೇ ಸೀಮಿತವಾದ ಪ್ರಯೋಗವಲ್ಲ. ಆದರೆ ಗ್ರಂಥಸಂಪಾದನೆಯ ಶಿಸ್ತಿನಲ್ಲಿ ಬೆಳೆದ ನಮ್ಮಂಥವರ ಕಣ್ಣಿಗೆ ಈ ಎರಡನೆಯ ‘ಇದ್ದು’ ನಾಲಗೆ ತೊಡರಿದ್ದರ ಗುರುತಾಗಿ ಕಾಣುತ್ತದೆ. ಅದನ್ನು ತಿದ್ದಿಬಿಡುತ್ತೇವೆ.

ನಾನೂ ತಿದ್ದಿದ್ದೇನೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಕಾಡಂಚಿನ ಹಾಡಿಯೊಂದರಲ್ಲಿ, ಕಾಡಿನೊಳಗಿನ ನೆಲೆಯಿಂದ ಹೊರಬಂದ ಹಿರಿಯರೊಬ್ಬರು ತಮ್ಮ ಕಥೆ ಹೇಳುತ್ತ, ‘ಅವತ್ತು ಕಾಗ್ದ ಕೊಟ್ಟಿದ್ದಿದ್ರೆ...’ ಎಂದು ನಿಲ್ಲಿಸಿದ್ದರು. ಮುಂದಿನ ಮಾತು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಪಠ್ಯ ಸಿದ್ಧಪಡಿಸುವಾಗ ನಾನು ‘ಅಂದು ಕಾಗದ ಕೊಟ್ಟಿದ್ದರೆ...’ ಎಂದು ಬರೆದೆ. ಅವರ ಮಾತಿನಲ್ಲಿ ಕಾಗದ ಕೊಡಲಿಲ್ಲ ಎಂಬುದು ಖಚಿತವಾಗಿತ್ತು. ನನ್ನ ಪಠ್ಯದಲ್ಲಿ ಕೊಟ್ಟಿರಲೂಬಹುದು ಎಂಬ ಸಂಶಯಕ್ಕೆ ಎಡೆಯಾಯಿತು.

ಇದನ್ನು ಕೇವಲ ಭಾಷಾಶಾಸ್ತ್ರದ ಸೂಕ್ಷ್ಮವೆಂದು ತಳ್ಳಿಹಾಕುವಂತಿಲ್ಲ. 2006ರ ಅರಣ್ಯ ಹಕ್ಕುಗಳ ಮಾನ್ಯತೆ ಕಾಯ್ದೆಯ ಅಡಿಯಲ್ಲಿ ರೂಪಿತವಾದ 2008ರ ನಿಯಮಗಳು, ಬರಹಕ್ಕಿಳಿಸಿದ ಹಿರಿಯರ ಹೇಳಿಕೆಯನ್ನು ಸಾಕ್ಷ್ಯವೆಂದು ಮಾನ್ಯ ಮಾಡುತ್ತವೆ. 2005ರ ಡಿಸೆಂಬರ್ 13ಕ್ಕೆ ಮೊದಲು ಪುನರ್ವಸತಿಯಿಲ್ಲದೆ ಅಕ್ರಮವಾಗಿ ತೆರವುಗೊಂಡವರ ಹಕ್ಕನ್ನೂ ಕಾಯ್ದೆ ಗುರುತಿಸಿದೆ. ಕೊಟ್ಟರೋ ಕೊಡಲಿಲ್ಲವೋ ಎಂಬುದೇ ಪ್ರಶ್ನೆಯಾಗಿರುವಲ್ಲಿ ‘ಕೊಟ್ಟಿದ್ದಿದ್ದರೆ’ಯನ್ನು ‘ಕೊಟ್ಟಿದ್ದರೆ’ಗೆ ಇಳಿಸುವ ಅಧಿಕಾರ ಸಂಪಾದಕನಿಗಿಲ್ಲ.

ಹತ್ತೊಂಬತ್ತನೆಯ ಶತಮಾನದ ಪಾದ್ರಿಗಳ ಕನ್ನಡ ಕಲಿಕೆಗೆ ಇಲ್ಲಿ ಒಂದು ಪ್ರಾಸಂಗಿಕ ಉಲ್ಲೇಖ ಸಲ್ಲಬೇಕು. ಫ್ರೆಂಚ್ ಮಿಷನರಿ ಬುತಲೂ ಅವರ ಕನ್ನಡ-ಲ್ಯಾಟಿನ್ ನಿಘಂಟು 1855ರಲ್ಲಿ ಬೆಂಗಳೂರಿನಲ್ಲಿ ಅಚ್ಚಾಯಿತು. ಲ್ಯಾಟಿನ್ ವ್ಯಾಕರಣದಲ್ಲಿ ಪಳಗಿದವರು ಸಂಭಾವನಾರ್ಥಕ ಪೂರ್ಣಭೂತಕ್ಕೆ ಕನ್ನಡದಲ್ಲಿ ಏನೆನ್ನಬೇಕೆಂದು ಕೇಳಿಯೇ ಕೇಳುತ್ತಾರೆ. ಅವರ ಕೋಷ್ಟಕದಲ್ಲಿ ಅದಕ್ಕೊಂದು ಮನೆಯಿದೆ. ನಮ್ಮ ಕೋಷ್ಟಕದಲ್ಲಿ ಆ ಮನೆ ಇಲ್ಲದ್ದರಿಂದ ನಾವು ಕೇಳಲಿಲ್ಲ. ಪರಕೀಯ ವ್ಯಾಕರಣದ ಚೌಕಟ್ಟನ್ನು ಕನ್ನಡದ ಮೇಲೆ ಹೇರಬಾರದೆಂಬ ವಾದವನ್ನು ಒಪ್ಪುತ್ತಲೇ, ಈ ಒಂದು ಪ್ರಶ್ನೆಯನ್ನು ಅಲ್ಲಿಂದ ಎರವಲು ಪಡೆಯಬಹುದೆಂದು ನನ್ನ ಅಭಿಪ್ರಾಯ.

ನನ್ನ ಸಂಗ್ರಹದ ಧ್ವನಿಸುರುಳಿಗಳನ್ನು ಈಗ ಮತ್ತೊಮ್ಮೆ ಕೇಳುತ್ತಿದ್ದೇನೆ. ಇಮ್ಮಡಿ ‘ಇದ್ದು’ ಬಂದಲ್ಲೆಲ್ಲ ಹಾಗೆಯೇ ಉಳಿಸಿ, ಫಲವಾಕ್ಯ ಇಲ್ಲದಲ್ಲಿ ಮೌನವನ್ನು ಚುಕ್ಕಿಗಳಿಂದ ಸೂಚಿಸುತ್ತಿದ್ದೇನೆ. ಹಾಡಿಯ ಆ ಹಿರಿಯರ ಪುಟದಲ್ಲಿ ತಿದ್ದುವ ಮೊದಲಿನ ಪಠ್ಯವನ್ನೂ, ನಾನು ತಿದ್ದಿದ ಪಠ್ಯವನ್ನೂ ಒಂದರ ಕೆಳಗೊಂದು ಇರಿಸಿದ್ದೇನೆ.