ಒತ್ತೆಯಾದ ಬಾಲ್ಯ

ಎಳೆಯ ಮನಸ್ಸು ಲೋಕದ ಪೂರ್ವಗ್ರಹಗಳಿಗೆ ಎದುರಾಗಿ ಬೆಳೆಯುವ ಕಥೆಯನ್ನು ಕಾದಂಬರಿಗಳಲ್ಲಿ ಓದುತ್ತೇವೆ. ಶ್ರೀರಂಗಪಟ್ಟಣದ ಚರಿತ್ರೆಯಲ್ಲಿಯೂ ಅಂತಹ ಕಥೆಯೊಂದುಂಟು.

1792ರ ಸಂಧಿಯಂತೆ ಟಿಪ್ಪು ಸುಲ್ತಾನನು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ಒಪ್ಪಿಸಬೇಕಾಯಿತು. ಹಣ ಸಲ್ಲುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಡಬೇಕಾಯಿತು. ಫೆಬ್ರವರಿ 26ರಂದು ಸುಮಾರು ಹತ್ತು ವರ್ಷದ ಅಬ್ದುಲ್ ಖಾಲಿಕನೂ ಎಂಟು ವರ್ಷದ ಮುಯಿಜುದ್ದೀನನೂ ಆನೆಗಳನ್ನೇರಿ ಕೋಟೆಯಿಂದ ಕಾರ್ನ್‌ವಾಲಿಸನ ಪಾಳೆಯಕ್ಕೆ ಬಂದರು.

ಈ ಪ್ರಸಂಗವನ್ನು ರಾಬರ್ಟ್ ಹೋಮ್ ಮೊದಲಾದ ಆಂಗ್ಲ ಚಿತ್ರಕಾರರು ಚಿತ್ರಿಸಿದರು. ಅಲ್ಲಿ ಕಾರ್ನ್‌ವಾಲಿಸನು ಮಕ್ಕಳನ್ನು ಬರಮಾಡಿಕೊಳ್ಳುವ ದಯಾಳು ತಂದೆಯಂತೆ ತೋರುತ್ತಾನೆ. ಹೆತ್ತ ತಂದೆಯು ಕ್ರೂರಿಯೆಂದು ಇಂಗ್ಲೆಂಡಿನಲ್ಲಿ ಆಗಲೇ ಬೇರೂರಿದ್ದ ನಂಬಿಕೆಗೆ ಮಕ್ಕಳ ಮುಗ್ಧತೆಯು ಸಾಕ್ಷಿಯಾಯಿತು. ಒತ್ತೆ ಕೇಳಿದವನು ಕಾರ್ನ್‌ವಾಲಿಸನೇ ಎಂಬ ಸಂಗತಿ ಮರೆಯಾಯಿತು.

1794ರಲ್ಲಿ ಮಕ್ಕಳು ಮರಳಿದರು. 1799ರಲ್ಲಿ ತಂದೆ ಮಡಿದ ಮೇಲೆ ರಾಜಕುಮಾರರನ್ನು ವೇಲೂರಿನ ಕೋಟೆಯಲ್ಲಿರಿಸಲಾಯಿತು. 1806ರಲ್ಲಿ ಅಲ್ಲಿಯ ಸಿಪಾಯಿಗಳು ಹೊಸ ಪೇಟದ ಆಜ್ಞೆಯಿಂದ ಕೆರಳಿ ದಂಗೆಯೆದ್ದರು. ಸಂಶಯವು ರಾಜಕುಮಾರರ ಮೇಲೂ ಬಿತ್ತು. ಟಿಪ್ಪುವಿನ ಕುಟುಂಬವನ್ನು ದೂರದ ಕಲ್ಕತ್ತೆಗೆ ಸಾಗಿಸಿದರು.

ಎಂಟು ವರ್ಷದ ಬಾಲಕನನ್ನು ಅಕ್ಕರೆಯಿಂದ ಕಂಡ ಕಂಪನಿಯವರು, ಅವನು ಇಪ್ಪತ್ತೆರಡರ ಯುವಕನಾದಾಗ ತಂದೆಯ ಹೆಸರನ್ನೇ ಅವನ ದೋಷವೆಂದೆಣಿಸಿದರು. ಶ್ರೋತೃಗಳು ಆ ಸುಂದರ ಚಿತ್ರಗಳನ್ನು ನೋಡುವಾಗ ಕಥೆಯ ಈ ಕೊನೆಯನ್ನೂ ನೆನೆಯಬೇಕು.