ಓರೆ ಶಾಫ್ಟಿನಿಂದ ಹುಟ್ಟಿದ ಉದ್ಯಮ: ಎಸ್‌ಕೆಎಫ್ ಬೆಳೆದ ಬಗೆ

ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದ ಗಾಮ್ಲೆಸ್ತಾದೆನ್ ಬಟ್ಟೆ ಗಿರಣಿ ನಿಂತಿದ್ದುದು ಜೇಡಿಮಣ್ಣಿನ ನೆಲದ ಮೇಲೆ. ನೆಲ ಅಲ್ಲಲ್ಲಿ ಕುಸಿದಂತೆಲ್ಲ ಯಂತ್ರಗಳನ್ನು ತಿರುಗಿಸುವ ಉದ್ದನೆಯ ಶಾಫ್ಟ್‌ಗಳು ಓರೆಯಾಗುತ್ತಿದ್ದವು, ಬೇರಿಂಗುಗಳು ಬೇಗನೆ ಕೆಡುತ್ತಿದ್ದವು. ಒಂದು ಬೇರಿಂಗ್ ಕೈಕೊಟ್ಟರೆ ಆ ಶಾಫ್ಟನ್ನು ನಂಬಿದ ಯಂತ್ರಗಳೆಲ್ಲ ಸುಮ್ಮನೆ ನಿಲ್ಲಬೇಕು. ಇವುಗಳ ದುರಸ್ತಿ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಸ್ವೆನ್ ವಿಂಗ್‌ಕ್ವಿಸ್ಟ್ ಶಾಫ್ಟನ್ನು ನೆಟ್ಟಗೆ ಮಾಡುವ ಹಟ ಬಿಟ್ಟು, ಓರೆಯನ್ನು ತಾಳಿಕೊಳ್ಳುವ ಬೇರಿಂಗನ್ನೇ ರೂಪಿಸಿದರು. ಅದರಲ್ಲಿ ಗುಂಡುಗಳು ಎರಡು ಸಾಲು. ಹೊರಬಳೆಯ ಒಳಮೈಯನ್ನು ಗೋಳದ ಭಾಗದಂತೆ ಕಡೆದಿರುವುದರಿಂದ, ಶಾಫ್ಟ್ ಒಂದಿಷ್ಟು ವಾಲಿದರೂ ಒಳಬಳೆ ಗುಂಡುಗಳ ಸಮೇತ ವಾಲಿಕೊಂಡು ಸಲೀಸಾಗಿ ತಿರುಗುತ್ತದೆ. 1907ರಲ್ಲಿ ಈ ವಿನ್ಯಾಸವನ್ನು ನೆಚ್ಚಿಕೊಂಡೇ, ಗಿರಣಿಯ ಮಾಲೀಕರ ಬಂಡವಾಳದ ಬೆಂಬಲದಿಂದ ಎಸ್‌ಕೆಎಫ್ ಆರಂಭವಾಯಿತು.

ಕಂಪನಿಯ ಏಳಿಗೆಗೆ ಪೇಟೆಂಟೇ ಕಾರಣ ಎನ್ನುವವರುಂಟು. ಆದರೆ ಪೇಟೆಂಟಿನ ಅವಧಿ ಮುಗಿಯುತ್ತದೆ. ಬೇರಿಂಗ್ ಏಕೆ ಕೆಡುತ್ತದೆ ಎಂಬ ತಿಳಿವಳಿಕೆ ಮಾತ್ರ ಕೂಡುತ್ತಲೇ ಹೋಗುತ್ತದೆ. ಎಸ್‌ಕೆಎಫ್‌ನ ನಿಜವಾದ ಆಸ್ತಿ ಈ ಎರಡನೆಯದು ಎಂಬುದು ನನ್ನ ನಿಲುವು. 1916ರಲ್ಲಿ ಹೋಫೋರ್ಸ್ ಉಕ್ಕಿನ ಕಾರ್ಖಾನೆಯನ್ನು ಕೊಂಡು, ಕಚ್ಚಾವಸ್ತುವಿನ ಗುಣಮಟ್ಟವನ್ನೂ ಅದು ತನ್ನ ಹಿಡಿತಕ್ಕೆ ತಂದುಕೊಂಡಿತು. 1919ರಲ್ಲಿ ಕಂಪನಿಯ ಎಂಜಿನಿಯರ್ ಆರ್ವಿಡ್ ಪಾಮ್‌ಗ್ರೆನ್ ವಿಂಗ್‌ಕ್ವಿಸ್ಟರ ತತ್ತ್ವವನ್ನೇ ರೋಲರ್‌ಗಳಿಗೆ ಅಳವಡಿಸಿದರು; ಭಾರಿ ಹೊರೆಯ ಯಂತ್ರಗಳಿಗೂ ಓರೆ ತಾಳುವ ಬೇರಿಂಗ್ ಸಿಕ್ಕಿತು. 1927ರಲ್ಲಿ ಮೊದಲ ಕಾರನ್ನು ಹೊರತಂದ ವೋಲ್ವೊ ಕೂಡ ಎಸ್‌ಕೆಎಫ್‌ನ ಮಡಿಲಲ್ಲೇ ಬೆಳೆದ ಕೂಸು.

ಬೇರಿಂಗ್ ಇಲ್ಲದೆ ವಿಮಾನವಿಲ್ಲ, ಟ್ಯಾಂಕ್ ಇಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿಯ ಶ್ವೈನ್‌ಫುರ್ಟ್ ಬಾಂಬ್ ದಾಳಿಗೆ ಗುರಿಯಾದದ್ದು ಅಲ್ಲಿನ ಬೇರಿಂಗ್ ಕಾರ್ಖಾನೆಗಳಿಗಾಗಿ. ಅವುಗಳಲ್ಲಿ ಎಸ್‌ಕೆಎಫ್ ಒಡೆತನದವೂ ಇದ್ದವು. 1943ರ ಅಕ್ಟೋಬರ್ 14ರ ದಾಳಿಯೊಂದರಲ್ಲೇ ಅಮೆರಿಕ 60 ಬಾಂಬರ್‌ಗಳನ್ನು ಕಳೆದುಕೊಂಡಿತು. ಸ್ವೀಡನ್ನಿನಿಂದ ಜರ್ಮನಿಗೆ ಹೋಗುತ್ತಿದ್ದ ಬೇರಿಂಗ್ ನಿಲ್ಲಿಸಬೇಕೆಂದು ಮಿತ್ರರಾಷ್ಟ್ರಗಳು ಒತ್ತಡ ಹೇರಿದವು. ತಟಸ್ಥ ದೇಶದ ಕಂಪನಿಯೊಂದು ಎರಡೂ ಪಕ್ಷಗಳಿಗೆ ಸರಕು ಮಾರಿದ ಈ ಅಧ್ಯಾಯವನ್ನು ಬಿಟ್ಟು ಬರೆದ ಉದ್ಯಮಚರಿತ್ರೆ ಅಪೂರ್ಣ.

ಯುದ್ಧ ಮುಗಿದ ಮೇಲೆ, 1947ರಲ್ಲಿ, ಗುಸ್ತಾಫ್ ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ ಬೇರಿಂಗಿನ ಆಯುಸ್ಸಿಗೆ ಗಣಿತದ ತಳಹದಿ ಹಾಕಿದರು. ಒಂದೇ ಬಗೆಯ ಬೇರಿಂಗುಗಳಲ್ಲೂ ಕೆಲವು ಬೇಗ ಸೋಲುತ್ತವೆ, ಕೆಲವು ಬಹುಕಾಲ ಬಾಳುತ್ತವೆ. ಆದ್ದರಿಂದ ನೂರರಲ್ಲಿ ತೊಂಬತ್ತು ದಾಟಬಲ್ಲ ಸುತ್ತುಗಳ ಲೆಕ್ಕವೇ ಅಳತೆಗೋಲಾಯಿತು. ಗುಂಡಿನ ಬೇರಿಂಗಿನ ಮೇಲೆ ಹೊರೆ ಇಮ್ಮಡಿಯಾದರೆ ಆಯುಸ್ಸು ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಪ್ರತಿಸ್ಪರ್ಧಿ ಕಂಪನಿಗಳೂ ಈ ಲೆಕ್ಕವನ್ನು ಒಪ್ಪಿಕೊಂಡವು. ಮುಂದೆ ಅಂತರರಾಷ್ಟ್ರೀಯ ಮಾನಕವೂ ಇದರ ಮೇಲೆಯೇ ನಿಂತಿತು.

ಭಾರತದಲ್ಲಿ ಎಸ್‌ಕೆಎಫ್ 1923ರಲ್ಲಿ ಕಲ್ಕತ್ತೆಯಿಂದ ವ್ಯಾಪಾರ ಆರಂಭಿಸಿತು. ಇಲ್ಲಿ ತಯಾರಿಕೆಗಾಗಿ 1961ರಲ್ಲಿ ಪ್ರತ್ಯೇಕ ಕಂಪನಿ ಸ್ಥಾಪನೆಯಾಯಿತು, ಪುಣೆಯ ಚಿಂಚವಾಡದಲ್ಲಿ ಕಾರ್ಖಾನೆ ಎದ್ದಿತು. ಬೆಂಗಳೂರಿನ ಬೊಮ್ಮಸಂದ್ರದ ಘಟಕ ಸೇರಿಕೊಂಡದ್ದು ಆಮೇಲೆ.