ಅಂಚೆಚೀಲ ಸಾಕಿದ ವಿಮಾನ: ಭಾರತದ ವಾಯು ಅಂಚೆಯ ಮೊದಲ ದಶಕಗಳು

ಹಳಗನ್ನಡದಲ್ಲಿ ‘ಅಂಚೆ’ ಎಂದರೆ ಹಂಸ. ಪತ್ರ ಸಾಗಿಸುವ ವ್ಯವಸ್ಥೆಗೂ ಕನ್ನಡಿಗರು ಇದೇ ಪದವನ್ನು ಬಳಸುತ್ತ ಬಂದಿದ್ದಾರೆ. ಈ ಎರಡು ಅಂಚೆಗಳ ಮೂಲ ಒಂದೇ ಹೌದೋ ಅಲ್ಲವೋ ಎಂಬುದು ನಿಘಂಟುಕಾರರಿಗೆ ಬಿಟ್ಟ ಚರ್ಚೆ. ನಳನ ಪ್ರೇಮಸಂದೇಶವನ್ನು ದಮಯಂತಿಗೆ ಮುಟ್ಟಿಸಿದ ಹಂಸದ ಕಥೆಯನ್ನು ಬಲ್ಲ ಜನರಿಗೆ, ಓಲೆಯೊಂದು ಆಕಾಶಮಾರ್ಗವಾಗಿ ಬರುವುದು ಕಲ್ಪನೆಗೆ ನಿಲುಕದ ಸಂಗತಿಯೇನೂ ಆಗಿರಲಿಲ್ಲ. ಆದರೆ ಓಲೆಯೇ ತನ್ನನ್ನು ಹೊತ್ತ ಹಕ್ಕಿಯನ್ನು ಸಾಕಬೇಕಾಗಿ ಬಂದುದು ಇಪ್ಪತ್ತನೆಯ ಶತಮಾನದ ವಿಶೇಷ. ಭಾರತದಲ್ಲಿ ನಿಯತ ವಿಮಾನಸಂಚಾರ ಬೇರೂರಿದ್ದು ಪ್ರಯಾಣಿಕರ ಹಣದಿಂದ ಎನ್ನುವುದಕ್ಕಿಂತ ಅಂಚೆಚೀಲದ ತೂಕದಿಂದ ಎನ್ನುವುದು ಹೆಚ್ಚು ಸರಿ.

1911ರ ಫೆಬ್ರವರಿ 18ರಂದು ಅಲಹಾಬಾದಿನಲ್ಲಿ (ಇಂದಿನ ಪ್ರಯಾಗರಾಜ್) ಸಂಯುಕ್ತ ಪ್ರಾಂತಗಳ ವಸ್ತುಪ್ರದರ್ಶನ ನಡೆಯುತ್ತಿದ್ದಾಗ, ಆನ್ರಿ ಪೆಕೆ ಎಂಬ ಫ್ರೆಂಚ್ ತರುಣ ಸುಮಾರು 6,500 ಪತ್ರಗಳನ್ನು ಹೊತ್ತು ಯಮುನೆಯನ್ನು ದಾಟಿ ನೈನಿಯಲ್ಲಿ ಇಳಿದನು. ದೂರ ಆರು ಮೈಲಿಯಷ್ಟು. ಹಿಡಿದ ಕಾಲ ಹದಿಮೂರು ನಿಮಿಷ. ವಿಮಾನದಲ್ಲಿ ಅಧಿಕೃತವಾಗಿ ಅಂಚೆ ಸಾಗಿಸಿದ ಜಗತ್ತಿನ ಮೊದಲ ಪ್ರಸಂಗವೆಂದು ಇದು ಮಾನ್ಯವಾಗಿದೆ. ಪತ್ರವೊಂದಕ್ಕೆ ವಿಧಿಸಿದ್ದ ಆರಾಣೆ ಶುಲ್ಕದ ಹಣ ವಿದ್ಯಾರ್ಥಿ ನಿಲಯವೊಂದಕ್ಕೆ ಸಂದಿತು. ಇದನ್ನು ಸೇವೆಯೆನ್ನುವುದಕ್ಕಿಂತ ಜಾತ್ರೆಯ ಸೋಜಿಗವೆನ್ನುವುದೇ ಯುಕ್ತ. ಅದರ ಬೆನ್ನಿಗೆ ನಿಯತ ವ್ಯವಸ್ಥೆಯೇನೂ ಹುಟ್ಟಲಿಲ್ಲ.

ವ್ಯವಸ್ಥೆಯ ಅಗತ್ಯ ತಲೆದೋರಿದ್ದು 1929ರಲ್ಲಿ. ಆ ವರ್ಷದ ಮಾರ್ಚ್ 30ರಂದು ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯು ಲಂಡನ್–ಕರಾಚಿ ಸೇವೆಯನ್ನು ಆರಂಭಿಸಿತು. ಕರಾಚಿಯವರೆಗೆ ಹಾರಿ ಬಂದ ಕಾಗದ ದಕ್ಷಿಣಕ್ಕೆ ಮಾತ್ರ ರೈಲಿನಲ್ಲೇ ತೆವಳಬೇಕಾಗಿತ್ತು. ಗಾಳಿಯಲ್ಲಿ ಗಳಿಸಿದ ಕಾಲ ಹಳಿಯ ಮೇಲೆ ಕಳೆದುಹೋಗುತ್ತಿತ್ತು. ಈ ಕೊರತೆಯನ್ನು ಗುರುತಿಸಿದವನು ನೆವಿಲ್ ವಿನ್ಸೆಂಟ್ ಎಂಬ ವೈಮಾನಿಕ. ಅವನ ಯೋಜನೆಗೆ ಜೆ.ಆರ್.ಡಿ. ಟಾಟಾ ಒತ್ತಾಸೆಯಾದರು. ಸರ್ಕಾರ ಸಹಾಯಧನ ಕೊಡಲು ಒಪ್ಪದಿದ್ದಾಗ, ಸಾಗಿಸಿದ ಅಂಚೆಯ ತೂಕಕ್ಕೆ ತಕ್ಕ ಹಣವನ್ನಷ್ಟೇ ಪಡೆಯುವ ಷರತ್ತಿನ ಮೇಲೆ 1932ರ ಏಪ್ರಿಲ್‌ನಲ್ಲಿ ಹತ್ತು ವರ್ಷಗಳ ಒಪ್ಪಂದವಾಯಿತು. ಅಂಚೆಚೀಲ ಹಗುರವಾದರೆ ನಷ್ಟವೆಲ್ಲ ಸಂಸ್ಥೆಯದು.

1932ರ ಅಕ್ಟೋಬರ್ 15ರ ಮುಂಜಾನೆ ಜೆ.ಆರ್.ಡಿ. ಒಂಟಿ ಎಂಜಿನಿನ ‘ಪಸ್ ಮಾತ್’ ವಿಮಾನದಲ್ಲಿ ಕರಾಚಿಯನ್ನು ಬಿಟ್ಟು, ಅಹಮದಾಬಾದಿನ ಮೂಲಕ ಮಧ್ಯಾಹ್ನ ಮುಂಬಯಿಯ ಜುಹುವಿನಲ್ಲಿ ಇಳಿದರು. ಅವರು ಹೊತ್ತು ತಂದ ಅಂಚೆ 55 ಪೌಂಡು. ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಅಹಮದಾಬಾದಿನಲ್ಲಿ ಅದಕ್ಕೆ ಬೇಕಾದ ಪೆಟ್ರೋಲು ಡಬ್ಬಗಳಲ್ಲಿ ಎತ್ತಿನ ಗಾಡಿಯ ಮೇಲೆ ಬಂದಿತ್ತು. ಹೊಸ ವಾಹನದ ಹೊಟ್ಟೆಗೆ ಹಳೆಯ ವಾಹನವೇ ಮೇವು ಹೊತ್ತು ತಂದ ಈ ಚಿತ್ರ ಆ ಕಾಲದ ಸಾರಿಗೆಯ ನಿಜಸ್ಥಿತಿಯನ್ನು ಅಂಕಿ-ಅಂಶಗಳಿಗಿಂತ ಚೆನ್ನಾಗಿ ಹೇಳುತ್ತದೆ.

ಅಲ್ಲಿಂದ ಮುಂದಿನ ಹಾದಿಯನ್ನು ಹಾರಿದವನು ವಿನ್ಸೆಂಟ್. ಮದರಾಸಿನ ಚೀಲದೊಂದಿಗೆ ಹೊರಟ ಅವನು ಬಳ್ಳಾರಿಯಲ್ಲಿ ಇಳಿದು, ಇರುಳನ್ನು ಕಳೆದು, ಮರುದಿನ ಮದರಾಸನ್ನು ಸೇರಿದನು. ಬಳ್ಳಾರಿ ಆಗ ಮದರಾಸು ಪ್ರಾಂತಕ್ಕೆ ಸೇರಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ. ಆಡಳಿತದ ಗಡಿ ಏನೇ ಇರಲಿ, ಟಾಟಾ ವಾಯು ಅಂಚೆಯ ಮೊತ್ತಮೊದಲ ಯಾನದ ರಾತ್ರಿ ತಂಗುದಾಣ ಕನ್ನಡದ ನೆಲವಾಗಿತ್ತೆಂಬುದನ್ನು ಕರ್ನಾಟಕದ ಸಾರಿಗೆ ಚರಿತ್ರೆ ಇನ್ನಷ್ಟು ಗಂಭೀರವಾಗಿ ಪರಿಗಣಿಸಬೇಕಾಗಿದೆ.

ಸ್ಮೃತಿಯು ಈ ಹಾದಿಯನ್ನು ಎರಡಾಗಿ ಸೀಳಿದೆ. ಕರಾಚಿ–ಮುಂಬಯಿ ಯಾನವನ್ನು ಜೆ.ಆರ್.ಡಿ. 1962ರಲ್ಲೂ, 78ನೆಯ ವಯಸ್ಸಿನಲ್ಲಿ, ಅಂದರೆ 1982ರಲ್ಲೂ ಮತ್ತೆ ಹಾರಿ ತೋರಿಸಿದರು. ಅದು ನ್ಯಾಯವಾಗಿಯೇ ಐತಿಹ್ಯದ ಮಟ್ಟಕ್ಕೇರಿತು. ಬಳ್ಳಾರಿಯ ಅರ್ಧ ಮಾತ್ರ ಅಡಿಟಿಪ್ಪಣಿಯಾಗಿ ಉಳಿಯಿತು. ಯುದ್ಧಕಾಲದ ವಿಮಾನವೊಂದರಲ್ಲಿ ಹೊರಟ ವಿನ್ಸೆಂಟ್ 1942ರಲ್ಲಿ ಮಡಿದನು. ತನ್ನ ಕಥೆಯನ್ನು ಹೇಳಿಕೊಳ್ಳಲು ಅವನು ಉಳಿಯಲಿಲ್ಲ. ಒಬ್ಬ ನಾಯಕನನ್ನು ಆಯ್ದು, ಸರಪಳಿಯ ಉಳಿದ ಕೊಂಡಿಗಳನ್ನು ಕೈಬಿಡುವುದು ಮೌಖಿಕ ಪರಂಪರೆಯ ಸಹಜಗುಣ. ಲಿಖಿತ ಚರಿತ್ರೆಯೂ ಅದನ್ನೇ ಮಾಡಿರುವುದು ಸೋಜಿಗ. ಏಕೆಂದರೆ ಅಂಚೆಯ ಜೀವಾಳವೇ ಕೈಯಿಂದ ಕೈಗೆ ದಾಟಿಸುವುದು. ಗೆಜ್ಜೆಕೋಲು ಹಿಡಿದು ಓಡುತ್ತಿದ್ದ ಅಂಚೆಯಾಳು ತನ್ನ ಚೀಲವನ್ನು ಮುಂದಿನವನಿಗೆ ಒಪ್ಪಿಸುತ್ತಿದ್ದಂತೆ.

ಮೊದಲ ವರ್ಷದ ಲೆಕ್ಕ ಹೀಗಿದೆ: ಹಾರಿದ ದೂರ 1,60,000 ಮೈಲಿ, ಅಂಚೆ ಸುಮಾರು 10 ಟನ್, ಪ್ರಯಾಣಿಕರು 155, ಲಾಭ 60,000 ರೂಪಾಯಿ. ವರ್ಷಪೂರ್ತಿ 155 ಜನ! ಇವರ ಟಿಕೆಟ್ಟಿನಿಂದ ವಿಮಾನ ಮೇಲೇಳುತ್ತಿರಲಿಲ್ಲ. 1938ರಲ್ಲಿ ಸಾಮ್ರಾಜ್ಯ ವಾಯು ಅಂಚೆ ಯೋಜನೆ ಭಾರತಕ್ಕೂ ವಿಸ್ತರಿಸಿ, ಹೆಚ್ಚುವರಿ ಶುಲ್ಕವಿಲ್ಲದೆ ಕಾಗದಗಳು ವಿಮಾನವೇರಿದಾಗ ಚೀಲದ ತೂಕ ಏರಿತು. ಜೊತೆಗೆ ದೊಡ್ಡ ವಿಮಾನಗಳ ಅಗತ್ಯವೂ. ಇದೇ ಸಂಸ್ಥೆ 1946ರಲ್ಲಿ ಏರ್ ಇಂಡಿಯಾ ಆಯಿತು.

ಸ್ವಾತಂತ್ರ್ಯಾನಂತರ ಓಟದ ಅಂಚೆಯ ಅದೇ ತತ್ತ್ವ ನಾಗಪುರದಲ್ಲಿ ಮರುಹುಟ್ಟು ಪಡೆಯಿತು. 1949ರ ಜನವರಿಯಿಂದ ದೆಹಲಿ, ಮುಂಬಯಿ, ಕಲ್ಕತ್ತಾ, ಮದರಾಸುಗಳಿಂದ ಹೊರಟ ವಿಮಾನಗಳು ನಡುರಾತ್ರಿ ಅಲ್ಲಿ ಕೂಡಿ, ಚೀಲಗಳನ್ನು ಅದಲುಬದಲು ಮಾಡಿಕೊಂಡು, ಬೆಳಗಾಗುವಷ್ಟರಲ್ಲಿ ತಂತಮ್ಮ ಊರಿಗೆ ಮರಳುತ್ತಿದ್ದವು. ನಿದ್ದೆಗೆಡಲು ಸಿದ್ಧರಿದ್ದವರಿಗೆ ಅವುಗಳಲ್ಲಿ ಕಡಿಮೆ ದರದ ಆಸನವೂ ಸಿಗುತ್ತಿತ್ತು. ಈ ರಾತ್ರಿ ಅಂಚೆ 1973ರವರೆಗೆ ನಡೆಯಿತು.